ಕಣ್ಣು ಮಂಜಾಗಿಸುವ ತಲೆನೋವು

ಓದುತ್ತಿದ್ದ ಸಾಲಿನ ನಡುವೆ ಮೊದಲು ಒಂದೆರಡು ಅಕ್ಷರ ಮಾಯವಾಗುತ್ತವೆ. ಕಣ್ಣುಜ್ಜಿಕೊಂಡು ನೋಡಿದರೆ ಆ ಜಾಗದಲ್ಲಿ ಮಿನುಗುವ ಸಣ್ಣ ಕಲೆ. ಕಣ್ಣು ಮುಚ್ಚಿದರೂ ಅದು ಬಿಡುವುದಿಲ್ಲ. ಐದು-ಹತ್ತು ನಿಮಿಷದಲ್ಲಿ ಕಲೆ ಹಿಗ್ಗಿ, ಅಂಕುಡೊಂಕು ಅಂಚಿನ ಬಿಲ್ಲಾಗಿ ಬಾಗಿ ಒಂದು ಬದಿಗೆ ಸರಿಯುತ್ತದೆ. ಅದರ ಮರೆಗೆ ಸಿಕ್ಕಿದ ಮುಖ ಅರ್ಧ ಮಾತ್ರ ಕಾಣುತ್ತದೆ. ಬಸ್ಸಿನ ಬೋರ್ಡಿನ ಮೇಲಿನ ‘ಅಂಕೋಲಾ’ ಬರೀ ‘ಅಂಕೋ’ ಆಗುತ್ತದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮಿನುಗು ಹೋಗಿ ಕಣ್ಣು ತಿಳಿಯಾಗುತ್ತದೆ. ಉಸಿರು ಬಿಡುವ ಮೊದಲೇ ಹಣೆಯ ಒಂದು ಪಕ್ಕ ಮಿಡಿಯತೊಡಗುತ್ತದೆ. ಬೆಳಕು ಬೇಡ, ಸದ್ದು ಬೇಡ, ಒಗ್ಗರಣೆಯ ವಾಸನೆ ಬೇಡ. ವಾಂತಿಯಾಗಿ, ಕತ್ತಲ ಕೋಣೆಯಲ್ಲಿ ಒಂದು ನಿದ್ದೆ ತೆಗೆದ ಮೇಲೆ ಸಮಾಧಾನ.

ಕಾರವಾರ, ಅಂಕೋಲೆಯ ಕಡೆ ಇದಕ್ಕೆ ‘ಪಿತ್ತ ಏರಿತು’ ಎನ್ನುವವರೇ ಹೆಚ್ಚು. ವಾಂತಿಯಾದ ಮೇಲೆ ಹಗುರವಾಗುವುದರಿಂದ ಆ ನಂಬಿಕೆ ಗಟ್ಟಿಯಾಗಿದೆ. ಕೆಲವರ ಮನೆಯಲ್ಲಿ ಉಪ್ಪು-ಮೆಣಸು ಸುಳಿದು ಒಲೆಗೆ ಹಾಕುತ್ತಾರೆ, ಕೆಲವರು ಹಣೆಗೆ ಗಂಧ ತೇಯ್ದು ಹಚ್ಚುತ್ತಾರೆ. ಉಳಿದವರು ಕಿರಾಣಿ ಅಂಗಡಿಯ ಡಬ್ಬಿಯಿಂದ ಒಂದು ಮಾತ್ರೆ ತಂದು ನುಂಗುತ್ತಾರೆ. ಆಮೇಲೂ ಕಣ್ಣು ಮಂಜಾದರೆ ಕನ್ನಡಕದ ಅಂಗಡಿ. ಈ ದಾರಿಯಲ್ಲಿ ಬಹಳ ಮಂದಿಗೆ ಅನಾಹುತವೇನೂ ಆಗುವುದಿಲ್ಲ ಎನ್ನುವುದು ನಿಜ. ಆದರೆ ತಲೆನೋವು ಮತ್ತು ದೃಷ್ಟಿಯ ತೊಂದರೆ ಮತ್ತೆಮತ್ತೆ ಜೊತೆಯಾಗಿ ಬರುತ್ತಿದ್ದರೆ, ಮಾತ್ರೆಗಿಂತ, ಕನ್ನಡಕಕ್ಕಿಂತ ಮೊದಲು ಆಗಬೇಕಾದ ಒಂದು ಕೆಲಸವಿದೆ: ಯಾರಾದರೂ ವೈದ್ಯರು ಕಣ್ಣಿನ ಹಿಂಬದಿಯನ್ನು ನೋಡಬೇಕು. ಐದು ನಿಮಿಷದ ಆ ಪರೀಕ್ಷೆ ನಮ್ಮ ಕರಾವಳಿಯಲ್ಲಿ ಎಷ್ಟು ಮುಖ್ಯ ಎಂದು ಹೇಳುವುದಕ್ಕಾಗಿಯೇ ಈ ಲೇಖನ.

ಮೇಲೆ ವಿವರಿಸಿದ ಮಿನುಗು ಮೈಗ್ರೇನಿನ ಮುನ್ಸೂಚನೆ. ವೈದ್ಯರ ಮಾತಿನಲ್ಲಿ ‘ಆರಾ’. ಮೈಗ್ರೇನ್ ಇರುವ ಮೂರು-ನಾಲ್ಕು ಜನರಲ್ಲಿ ಒಬ್ಬರಿಗೆ ಇದು ಕಾಣಿಸಿಕೊಳ್ಳುತ್ತದೆ. ಇಂಗ್ಲೆಂಡಿನ ವೈದ್ಯ ಹ್ಯೂಬರ್ಟ್ ಏರಿ ತಮಗೇ ಕಾಣುತ್ತಿದ್ದ ಈ ಆಕಾರವನ್ನು ಹಂತಹಂತವಾಗಿ ಬಿಡಿಸಿ 1870ರಲ್ಲಿ ಪ್ರಕಟಿಸಿದರು. ಅವರ ತಂದೆ, ಖಗೋಳಜ್ಞ ಜಾರ್ಜ್ ಬಿಡೆಲ್ ಏರಿ ಅವರಿಗೂ ಅದೇ ತೊಂದರೆಯಿತ್ತು. ಅಂಚು ಹಳೆಯ ಕೋಟೆಗೋಡೆಯ ನಕ್ಷೆಯ ಹಾಗಿದ್ದುದರಿಂದ ಅದಕ್ಕೆ ಕೋಟೆಯ ಹೆಸರೇ ಬಿತ್ತು. 1941ರಲ್ಲಿ ಕಾರ್ಲ್ ಲ್ಯಾಶ್ಲಿ ಎಂಬ ಅಮೆರಿಕದ ಮನೋವಿಜ್ಞಾನಿ ತಮ್ಮ ಕಣ್ಣೆದುರಿನ ಮಿನುಗು ಸರಿಯುವ ವೇಗವನ್ನು ಅಳೆದು, ಮಿದುಳಿನ ಮೇಲ್ಪದರದಲ್ಲಿ ಏನೋ ನಿಮಿಷಕ್ಕೆ ಮೂರು ಮಿಲಿಮೀಟರ್‌ನಂತೆ ಹರಿದಾಡುತ್ತಿದೆ ಎಂದು ಲೆಕ್ಕ ಹಾಕಿದರು. ಮೂರು ವರ್ಷದ ನಂತರ ಬ್ರೆಜಿಲ್‌ನ ಅರಿಸ್ಟಿಡಿಸ್ ಲಿಯಾವ್ ಮೊಲದ ಮಿದುಳಿನಲ್ಲಿ ಹೆಚ್ಚುಕಡಿಮೆ ಅಷ್ಟೇ ನಿಧಾನವಾಗಿ ಹರಡುವ ವಿದ್ಯುತ್ ಸ್ತಬ್ಧತೆಯ ಅಲೆಯನ್ನು ಕಂಡರು. ಎರಡೂ ಒಂದೇ ಎಂದು ಒಪ್ಪಲು ವಿಜ್ಞಾನಕ್ಕೆ ದಶಕಗಳೇ ಬೇಕಾದವು. ಅಂದರೆ ಇಲ್ಲಿ ಕೆಡುವುದು ಕಣ್ಣಲ್ಲ. ಕಣ್ಣು ಕಳಿಸಿದ್ದನ್ನು ಓದುವ ಮಿದುಳಿನ ಹಿಂಭಾಗ ಕೆಲಹೊತ್ತು ಕಸಿವಿಸಿಗೊಳ್ಳುತ್ತದೆ. ಕಣ್ಣು ಮುಚ್ಚಿದರೂ ಮಿನುಗು ಕಾಣುವುದು ಅದಕ್ಕೇ.

ನಮ್ಮವರಿಗೆ ಇದು ಹೊಸ ರೋಗವೇನಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರ ಹನ್ನೊಂದು ಬಗೆಯ ತಲೆನೋವುಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಅರ್ಧಾವಭೇದಕ ನಮ್ಮ ಅರೆತಲೆನೋವು. ಸೂರ್ಯಾವರ್ತವು ಸೂರ್ಯನೊಂದಿಗೆ ಕಣ್ಣು-ಹುಬ್ಬಿನಲ್ಲಿ ಶುರುವಾಗಿ ಹೊತ್ತು ಏರಿದಂತೆ ಏರಿ ಸಂಜೆಗೆ ಇಳಿಯುವಂಥದ್ದು. ಇನ್ನು ಎಷ್ಟು ಜನರಿಗಿದೆ ಎಂಬ ಲೆಕ್ಕಕ್ಕೆ ಕರ್ನಾಟಕದ್ದೇ ಒಂದು ಒಳ್ಳೆಯ ಅಧ್ಯಯನವಿದೆ. ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ನಿಮ್ಹಾನ್ಸ್‌ನ ತಂಡ ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, 18ರಿಂದ 65 ವಯಸ್ಸಿನ 2,329 ಜನರನ್ನು ಮಾತನಾಡಿಸಿ 2015ರಲ್ಲಿ ಪ್ರಕಟಿಸಿದ್ದು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಬಂದವರು ಶೇ 63.9. ಮೈಗ್ರೇನ್ ಇದ್ದವರು ಶೇ 25.2, ಅಂದರೆ ನಾಲ್ವರಲ್ಲಿ ಒಬ್ಬರು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ತಲೆನೋವು ಪೇಟೆಯ ಟೆನ್ಶನ್ನಿನ ರೋಗ ಎಂದುಕೊಂಡವರು ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಬೇಕು. ಹಳ್ಳಿಯ ಹೆಂಗಸು ನೋವನ್ನು ನುಂಗಿಕೊಂಡು ಕೊಟ್ಟಿಗೆ ಕೆಲಸ ಮಾಡುತ್ತಾಳೆ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಅವಳ ಹೆಸರೇ ಇರುವುದಿಲ್ಲ.

ಮೈಗ್ರೇನ್ ಇರುವವರಿಗೆ ಈ ಕರಾವಳಿ ಸುಲಭದ ಊರಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಬೆಳಗಿನ ಹರಾಜಿಗೆ ಹೋಗುವ ಹೆಂಗಸರು ಕತ್ತಲಲ್ಲೇ ಏಳುತ್ತಾರೆ, ತಿಂಡಿ ಹನ್ನೊಂದಕ್ಕೆ. ನಿದ್ದೆಗೇಡು, ಖಾಲಿ ಹೊಟ್ಟೆ, ನೀರಿನ ಮೇಲಿಂದ ಕಣ್ಣಿಗೆ ಚುಚ್ಚುವ ಬಿಸಿಲು ಮೂರೂ ಒಟ್ಟಿಗೇ ಬಂದಾಗ ತಲೆ ಸುಮ್ಮನಿರುವುದು ಕಷ್ಟ. ಗಂಗಾವಳಿ ದಾಟಿ ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ ಮಾರ್ಚ್-ಏಪ್ರಿಲ್‌ನ ನಡುಹಗಲು ನಿಂತು ನೋಡಿದವರಿಗೆ ಆ ಬಿಳುಪಿನ ಝಳ ಗೊತ್ತಿರುತ್ತದೆ. ಸೋಮವಾರದ ಉಪವಾಸ, ರಾತ್ರಿಯಿಡೀ ಯಕ್ಷಗಾನ, ಬಂಡಿಹಬ್ಬದ ಜಾಗರಣೆ, ಬೇಸಿಗೆಯ ಬೆವರಿಗೆ ತಕ್ಕಷ್ಟು ನೀರು ಕುಡಿಯದಿರುವುದು, ಮುಟ್ಟಿನ ಹಿಂದುಮುಂದಿನ ದಿನಗಳು ಕೂಡ ಅದನ್ನು ಕೆಣಕುತ್ತವೆ. ಇವು ರೋಗದ ಮೂಲವಲ್ಲ. ಮೂಲ ಹೆಚ್ಚಾಗಿ ಮನೆತನದಿಂದಲೇ ಬಂದಿರುತ್ತದೆ. ಅಮ್ಮನಿಗೂ ಅಜ್ಜಿಗೂ ‘ಪಿತ್ತ’ ಇತ್ತೇ ಎಂದು ಕೇಳಿ ನೋಡಿ. ಹೊತ್ತಿಗೆ ಊಟ-ನಿದ್ದೆ, ಅಗಲ ಅಂಚಿನ ಟೊಪ್ಪಿಗೆ, ತಂಪು ಕನ್ನಡಕ ಇವಿಷ್ಟರಿಂದಲೇ ಸಾಕಷ್ಟು ಮಂದಿಗೆ ನೋವಿನ ಸರದಿ ಕಡಿಮೆಯಾಗುತ್ತದೆ. ತಿಂಗಳಿಗೆ ನಾಲ್ಕಾರು ಸಲ ಬಂದು ಕೆಲಸ ಕೆಡಿಸುವಂತಿದ್ದರೆ ಬರದಂತೆ ತಡೆಯುವ ಮಾತ್ರೆಗಳಿವೆ. ಅವು ದುಬಾರಿಯೂ ಅಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮಿನುಗಿನೊಂದಿಗೆ ಬರುವ ಮೈಗ್ರೇನ್ ಇರುವವರಲ್ಲಿ ಪಾರ್ಶ್ವವಾಯುವಿನ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಎಳೆ ವಯಸ್ಸಿನಲ್ಲಿ ಆ ಸಂಭವ ಮೊದಲೇ ಬಹಳ ಕಡಿಮೆ, ಹಾಗಾಗಿ ಹೆದರಿ ಕೂರುವ ಕಾರಣವಿಲ್ಲ. ಆದರೆ ಧೂಮಪಾನ ಸೇರಿದರೆ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ಸೇರಿದರೆ ಲೆಕ್ಕ ಬದಲಾಗುತ್ತದೆ. ಇಂಥವರಿಗೆ ಆ ಗುಳಿಗೆ ಬೇಡ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಗುಳಿಗೆ ಬರೆಸಿಕೊಳ್ಳುವಾಗ ಕಣ್ಣೆದುರು ಮಿನುಗು ಬರುವ ವಿಷಯವನ್ನು ಹೆಣ್ಣುಮಕ್ಕಳು ತಾವಾಗಿಯೇ ಹೇಳಬೇಕು, ಕೇಳುವವರು ಕೇಳದಿದ್ದರೂ.

ಅಂಗಡಿಯ ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಸಾದಾ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಹೆಚ್ಚು, ಎರಡು-ಮೂರು ಔಷಧ ಬೆರೆಸಿದ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗುತ್ತ ಹೋದರೆ ಆ ಮಾತ್ರೆಯೇ ತಲೆನೋವಿಗೆ ಕಾರಣವಾಗುತ್ತದೆ. ಬೆಳಗ್ಗೆ ಏಳುವಾಗಲೇ ನೋವು, ಮಾತ್ರೆ ನುಂಗಿದರೆ ನಾಲ್ಕು ಗಂಟೆ ಆರಾಮ, ಮತ್ತೆ ನೋವು. ನಿಮ್ಹಾನ್ಸ್ ಅಧ್ಯಯನದಲ್ಲಿ ಇಂಥವರು ಶೇ 1.2. ಕೇಳಲು ಸಣ್ಣ ಅಂಕಿ. ನೂರು ಮನೆಯ ಒಂದು ಕೇರಿಯಲ್ಲಿ ಇಬ್ಬರೋ ಮೂವರೋ ಇದ್ದೇ ಇರುತ್ತಾರೆ ಎಂದು ಅದರ ಅರ್ಥ. ಹಾಗೆಯೇ ‘ಸೈನಸ್’ ಎಂದು ವರ್ಷಗಟ್ಟಲೆ ಆವಿ ಹಿಡಿದು, ಆ್ಯಂಟಿಬಯಾಟಿಕ್ ನುಂಗಿದವರ ದೊಡ್ಡ ಪಾಲು ಕೂಡ ಮೈಗ್ರೇನಿನವರೇ. ಅಮೆರಿಕದಲ್ಲಿ ತಮಗೆ ಸೈನಸ್ ತಲೆನೋವು ಎಂದು ಹೇಳಿಕೊಂಡ ಸುಮಾರು ಮೂರು ಸಾವಿರ ಜನರನ್ನು ಪರೀಕ್ಷಿಸಿದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 88 ಮಂದಿಗೆ ಇದ್ದದ್ದು ಮೈಗ್ರೇನ್ ರೀತಿಯ ನೋವು.

ಕನ್ನಡಕದ ಮೇಲೆ ನಮಗಿರುವ ಭರವಸೆಯೂ ಸ್ವಲ್ಪ ಹೆಚ್ಚೇ. ನಲವತ್ತು ದಾಟಿದವರು ಹತ್ತಿರದ್ದನ್ನು ನೋಡಲು ಒದ್ದಾಡುವುದು ಸಹಜ. ಬಲೆಯ ಕಣ್ಣು ತೇಪೆ ಹಾಕುವವರು, ಅಬ್ಬಲಿಗೆ ಕಟ್ಟುವವರು, ಸೂಜಿಗೆ ದಾರ ಪೋಣಿಸುವವರು ಮೊದಲು ಕೈ ದೂರ ಚಾಚುತ್ತಾರೆ, ಆಮೇಲೆ ಚಾಳೀಸು ತರುತ್ತಾರೆ. ಅದಕ್ಕೂ ಮೊದಲಿನ ತಿಂಗಳುಗಳಲ್ಲಿ ಸಂಜೆ ಹೊತ್ತಿಗೆ ಹಣೆ ಭಾರವಾಗುವುದುಂಟು. ಮಕ್ಕಳಲ್ಲಿ ಪ್ಲಸ್ ನಂಬರು ಅಥವಾ ಓರೆ ನಂಬರು ಇದ್ದರೂ ಹಾಗೆಯೇ. ಕನ್ನಡಕದಿಂದ ಹೋಗುವ ತಲೆನೋವಿನ ಗುರುತು ಇದು: ಕಣ್ಣಿಗೆ ಕೆಲಸ ಕೊಟ್ಟ ಮೇಲೆ ಬರುತ್ತದೆ, ಕೆಲಸ ಬಿಟ್ಟರೆ ಇಳಿಯುತ್ತದೆ, ಸಣ್ಣಗಿರುತ್ತದೆ. ಅದು ನಿದ್ದೆಯಿಂದ ಎಬ್ಬಿಸುವುದಿಲ್ಲ, ವಾಂತಿ ಮಾಡಿಸುವುದಿಲ್ಲ, ಬೆಳಗ್ಗೆ ಏಳುವಾಗಲೇ ಇರುವುದಿಲ್ಲ. ಇವುಗಳಲ್ಲಿ ಯಾವುದೊಂದು ಇದ್ದರೂ, ಹೊಸ ಕನ್ನಡಕ ಹಾಕಿ ತಿಂಗಳಾದರೂ ನೋವು ಹೋಗದಿದ್ದರೂ ನಂಬರು ಬದಲಿಸುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಕಣ್ಣಿನಿಂದಲೇ ಹುಟ್ಟಿ ತಲೆಯನ್ನು ಸೀಳುವ ನೋವು ಒಂದಿದೆ. ಕಣ್ಣಿನ ಮುಂಭಾಗದಲ್ಲಿ ಸದಾ ಒಂದು ದ್ರವ ಹುಟ್ಟಿ ಅಂಚಿನ ಕೋನದಿಂದ ಹೊರಗೆ ಹರಿಯುತ್ತಿರುತ್ತದೆ. ಕೆಲವರ ಕಣ್ಣು ಹುಟ್ಟಿನಿಂದಲೇ ಚಿಕ್ಕದು, ಈ ಕೋನ ಇಕ್ಕಟ್ಟು. ವಯಸ್ಸಾದಂತೆ ಒಳಗಿನ ಮಸೂರ ದಪ್ಪವಾಗಿ ಇನ್ನಷ್ಟು ಇಕ್ಕಟ್ಟಾಗುತ್ತದೆ. ಮಬ್ಬುಗತ್ತಲಲ್ಲಿ ಪಾಪೆ ಹಿಗ್ಗಿದಾಗ ದಾರಿ ಪೂರ್ತಿ ಮುಚ್ಚಿಬಿಡಬಹುದು. 10ರಿಂದ 21ರೊಳಗೆ ಇರಬೇಕಾದ ಕಣ್ಣಿನ ಒತ್ತಡ ಗಂಟೆಗಳಲ್ಲಿ 40, 50 ದಾಟುತ್ತದೆ. ಗ್ಲಾಕೋಮಾದ ಒಂದು ಬಗೆ ಇದು. ಐವತ್ತು ಮೀರಿದ ಹೆಂಗಸರಲ್ಲಿ, ಅದರಲ್ಲೂ ದೂರ ನೋಡಲೂ ಪ್ಲಸ್ ನಂಬರು ಇರುವವರಲ್ಲಿ ಹೆಚ್ಚು. ಏಷ್ಯಾದ ಜನರಲ್ಲಿ ಯುರೋಪಿಯನ್ನರಿಗಿಂತ ಹೆಚ್ಚು. ಪೂರ್ತಿ ಮುಚ್ಚುವ ಮುನ್ನ ಎಷ್ಟೋ ಸಲ ಇದು ಸಣ್ಣದಾಗಿ ಬಂದು ಹೋಗುತ್ತದೆ: ಸಂಜೆಯಾದ ಮೇಲೆ ಒಂದು ಕಣ್ಣು, ಅದೇ ಬದಿಯ ಹುಬ್ಬು ನೋಯುತ್ತದೆ, ಬೀದಿದೀಪದ ಸುತ್ತ ಬಣ್ಣಬಣ್ಣದ ಬಳೆ ಕಾಣುತ್ತದೆ, ಮಲಗಿ ಎದ್ದರೆ ಏನೂ ಆಗಿರಲೇ ಇಲ್ಲವೆಂಬಷ್ಟು ಸರಿಯಾಗಿರುತ್ತದೆ. ನಿದ್ದೆಯಲ್ಲಿ ಪಾಪೆ ಕುಗ್ಗುವುದರಿಂದ ದಾರಿ ಮತ್ತೆ ತೆರೆದುಕೊಂಡಿರುತ್ತದೆ, ಅಷ್ಟೇ. ‘ಮಲಗಿದರೆ ಹೋಗ್ತದೆ’ ಎಂಬ ಮಾತು ಮೈಗ್ರೇನಿಗೂ ಹೊಂದುವುದರಿಂದ ಇದು ವರ್ಷಗಟ್ಟಲೆ ಮರೆಯಲ್ಲೇ ಉಳಿಯುತ್ತದೆ.

ದಾಳಿ ಪೂರ್ತಿಯಾಗಿ ಬಂದ ದಿನ ವಾಂತಿ ಎಷ್ಟು ಜೋರಾಗಿರುತ್ತದೆಂದರೆ ಮನೆಯವರು ಕಣ್ಣನ್ನು ನೋಡುವುದೇ ಇಲ್ಲ. ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಹಾಕಿಸುತ್ತಾರೆ, ಗ್ಲೂಕೋಸ್ ಏರಿಸುತ್ತಾರೆ. ಬೆಳಗಾಗುವಾಗ ಕಣ್ಣು ಕೆಂಪಾಗಿ, ಮಸುಕಾಗಿ, ಮುಟ್ಟಿದರೆ ಗಟ್ಟಿಯಾಗಿರುತ್ತದೆ. ಒಂದೆರಡು ದಿನ ತಡವಾದರೆ ಹೋದ ದೃಷ್ಟಿ ಹಿಂದೆ ಬಾರದು. ಮೊದಲೇ ಗೊತ್ತಾಗಿದ್ದರೆ ಲೇಸರ್‌ನಿಂದ ಪಾಪೆಯ ಸುತ್ತಲಿನ ಬಣ್ಣದ ಪಟಲದಲ್ಲಿ (ಐರಿಸ್) ಒಂದು ಸೂಕ್ಷ್ಮ ರಂಧ್ರ ಮಾಡುವುದು ಕೆಲವೇ ನಿಮಿಷಗಳ ಕೆಲಸ. ಅದೇ ದಿನ ಮನೆಗೆ ಬರಬಹುದು. ನೆಗಡಿ, ಅಲರ್ಜಿ, ಹೊಟ್ಟೆನೋವಿನ ಕೆಲವು ಮಾತ್ರೆಗಳು ಇಂಥ ಕಣ್ಣಿರುವವರಲ್ಲಿ ದಾಳಿಗೆ ಕಾರಣವಾಗಬಲ್ಲವು. ಮೈಗ್ರೇನ್ ತಡೆಯಲು ಕೊಡುವ ಟೋಪಿರಮೇಟ್ ಶುರುಮಾಡಿದ ಮೊದಲ ಕೆಲವು ವಾರಗಳಲ್ಲಿ ಎರಡೂ ಕಣ್ಣು ನೋಯುತ್ತ ಮಂಜಾದರೆ ಆ ದಿನವೇ ವೈದ್ಯರನ್ನು ಕಾಣಬೇಕು. ಕಣ್ಣು ಕೆಂಪಾದಾಗೆಲ್ಲ ಮೆಡಿಕಲ್‌ನಿಂದ ಸ್ಟೀರಾಯ್ಡ್ ಇರುವ ಹನಿ ತಂದು ಹಾಕಿಕೊಳ್ಳುವ ಅಭ್ಯಾಸ ಬೇರೊಂದು ದಾರಿಯಿಂದ ಗ್ಲಾಕೋಮಾಕ್ಕೇ ಒಯ್ಯುತ್ತದೆ. ಅದು ನೋವೂ ಇಲ್ಲದೆ ಕಣ್ಣನ್ನು ತಿನ್ನುತ್ತದೆ.

ಈಗ ಕಣ್ಣಿನ ಹಿಂಬದಿಗೆ ಹೋಗೋಣ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದ ಆಫ್ತಾಲ್ಮೋಸ್ಕೋಪ್ ಎಂಬ ಸಲಕರಣೆ ಇಂದು ಕೈಯಲ್ಲಿ ಹಿಡಿಯುವ ಟಾರ್ಚಿನಷ್ಟಿದೆ. ವೈದ್ಯರು ಅದನ್ನು ತಮ್ಮ ಕಣ್ಣಿಗೆ ಹಿಡಿದು, ರೋಗಿಯ ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಬಾಗಿ, ಪಾಪೆಯ ಮೂಲಕ ಒಳಗೆ ಬೆಳಕು ಬಿಡುತ್ತಾರೆ. ಮೊದಲು ಕಾಣುವುದು ಕಿತ್ತಳೆ-ಕೆಂಪು ಹಿನ್ನೆಲೆ. ಅದರ ಮೇಲೆ ಕವಲೊಡೆದ ರಕ್ತನಾಳಗಳು. ಕವಲನ್ನು ಹಿಂದಕ್ಕೆ ಅನುಸರಿಸಿದರೆ ಎಲ್ಲವೂ ಸೇರುವ ತಿಳಿಹಳದಿ ಬಿಲ್ಲೆಯೊಂದು ಸಿಗುತ್ತದೆ. ಅಡ್ಡಳತೆ ಒಂದೂವರೆ ಮಿಲಿಮೀಟರ್. ಹತ್ತು ಲಕ್ಷಕ್ಕೂ ಮೀರಿದ ಎಳೆಗಳಿರುವ ದೃಷ್ಟಿನರ ಕಣ್ಣಿನಿಂದ ಮಿದುಳಿಗೆ ಹೊರಡುವ ಜಾಗ ಅದು. ಆರೋಗ್ಯವಂತರಲ್ಲಿ ಬಿಲ್ಲೆಯ ಅಂಚು ಸ್ಪಷ್ಟ. ತಲೆಬುರುಡೆಯೊಳಗೆ ಒತ್ತಡ ಏರಿದ್ದರೆ ಆ ಅಂಚು ಒದ್ದೆ ಕಾಗದದ ಮೇಲೆ ಶಾಯಿ ಹರಡಿದ ಹಾಗೆ ಕಲಸಿಹೋಗಿರುತ್ತದೆ, ನಾಳಗಳು ಉಬ್ಬಿರುತ್ತವೆ, ಸುತ್ತ ಸಣ್ಣ ರಕ್ತದ ಗೆರೆಗಳಿರುತ್ತವೆ. ಬಿ.ಪಿ. ಮಿತಿಮೀರಿ ಏರಿದ್ದರೂ ಇಲ್ಲಿಯೇ ಗೊತ್ತಾಗುತ್ತದೆ. ಗ್ಲಾಕೋಮಾ ತಿಂದುಹಾಕಿದ ಬಿಲ್ಲೆಯ ನಡುವೆ ಆಳವಾದ ಗುಳಿ ಬಿದ್ದಿರುತ್ತದೆ. ದೇಹವನ್ನು ಕೊಯ್ಯದೆ ನರವನ್ನೂ ರಕ್ತನಾಳವನ್ನೂ ನೇರವಾಗಿ ತೋರಿಸುವ ಜಾಗ ಮನುಷ್ಯನಲ್ಲಿ ಇನ್ನೊಂದಿಲ್ಲ.

ಬಿಲ್ಲೆಯ ಅಂಚು ಕಲಸಿದೆ ಎಂದರೆ ಆ ರೋಗಿ ಅದೇ ದಿನ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಬೇಕು. ಗಡ್ಡೆ ಇರಬಹುದು, ಜನ ಮೊದಲು ಹೆದರುವುದು ಅದಕ್ಕೇ. ಬೆಳಗಿನ ಜಾವ ಹೆಚ್ಚಾಗಿ ವಾಂತಿಯೊಂದಿಗೆ ಬರುವ, ಕೆಮ್ಮಿದರೆ, ಬಗ್ಗಿದರೆ ಜಾಸ್ತಿಯಾಗುವ, ವಾರದಿಂದ ವಾರಕ್ಕೆ ಏರುವ ನೋವು ಅದರ ಲಕ್ಷಣ. ವಾರಗಟ್ಟಲೆ ಸಣ್ಣ ಜ್ವರ, ತಲೆನೋವು, ಒಂದು ವಸ್ತು ಎರಡಾಗಿ ಕಾಣುವುದು ಸೇರಿದರೆ ಕ್ಷಯರೋಗ ಮಿದುಳಿನ ಪೊರೆಗೆ ತಗುಲಿರುವ ಸಾಧ್ಯತೆ ನೋಡಬೇಕಾಗುತ್ತದೆ. ಗಡ್ಡೆಯೂ ಇಲ್ಲದೆ, ಸೋಂಕೂ ಇಲ್ಲದೆ ಒತ್ತಡ ಏರುವ ಇನ್ನೊಂದು ರೋಗವಿದೆ. ಇಪ್ಪತ್ತರಿಂದ ನಲವತ್ತರ ಪ್ರಾಯದ, ಈಚೆಗೆ ಮೈ ತೂಕ ಏರಿದ ಹೆಂಗಸರಲ್ಲಿ ಹೆಚ್ಚು. ಕಸ ಗುಡಿಸಲು ಬಗ್ಗಿ ಎದ್ದಾಗ ಕೆಲವು ಕ್ಷಣ ಕಣ್ಣು ಪೂರ್ತಿ ಕತ್ತಲಾಗುತ್ತದೆ. ರಾತ್ರಿ ಮಲಗಿದಾಗ ನಾಡಿಮಿಡಿತದ ತಾಳಕ್ಕೆ ಕಿವಿಯಲ್ಲಿ ಹುಯ್ಯೆಂದು ಸದ್ದು ಬರುತ್ತದೆ. ‘ಕಣ್ಣಿಗೆ ಕತ್ತಲೆ ಕಟ್ತದೆ ಡಾಕ್ಟ್ರೆ’ ಎಂದರೆ ರಕ್ತ ಕಡಿಮೆ ಎಂದು ಟಾನಿಕ್ ಬರೆದು ಕಳಿಸುವುದು ಸುಲಭ. ನಮ್ಮ ಹೆಂಗಸರಲ್ಲಿ ರಕ್ತಹೀನತೆ ಅಷ್ಟು ಸಾಮಾನ್ಯ. ಮೊಡವೆಗೆ ಕೊಡುವ ಕೆಲವು ಮಾತ್ರೆಗಳು, ಇಲಿಜ್ವರ ಮೊದಲಾದ ಸೋಂಕುಗಳಿಗೆ ಬಳಸುವ ಡಾಕ್ಸಿಸೈಕ್ಲಿನ್ ಬಳಗದ ಔಷಧಗಳೂ ಅಪರೂಪಕ್ಕೆ ಇದನ್ನು ತರುತ್ತವೆ. ತೂಕ ಇಳಿಸಿ, ಒತ್ತಡ ಇಳಿಸುವ ಮಾತ್ರೆ ಕೊಟ್ಟರೆ ಬಹುಪಾಲು ಮಂದಿ ಸುಧಾರಿಸುತ್ತಾರೆ. ಕಡೆಗಣಿಸಿದರೆ ಕಣ್ಣು ಹೋಗುತ್ತದೆ. ಇವರಲ್ಲಿ ಎಷ್ಟೋ ಮಂದಿಗೆ ಕನ್ನಡಕದ ನಂಬರಿನ ಪರೀಕ್ಷೆ ಕೊನೆಯವರೆಗೂ ಸರಿಯಾಗಿಯೇ ಬರುತ್ತದೆ ಎನ್ನುವುದನ್ನು ನೆನಪಿಡಬೇಕು.

ಬಾಣಂತಿಯರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕಾಗಿದೆ. ಹೆರಿಗೆಯಾದ ಆರು ವಾರದವರೆಗೆ ರಕ್ತ ಬೇಗ ಹೆಪ್ಪುಗಟ್ಟುವ ಗುಣದಲ್ಲಿರುತ್ತದೆ; ಹೆರಿಗೆಯ ರಕ್ತಸ್ರಾವ ನಿಲ್ಲಿಸಲು ದೇಹ ಮಾಡಿಕೊಂಡ ಏರ್ಪಾಡು ಅದು. ಆ ಹೆಪ್ಪು ಮಿದುಳಿನಿಂದ ರಕ್ತ ಹಿಂದಿರುಗುವ ದೊಡ್ಡ ನಾಳಗಳಲ್ಲಿ ಕಟ್ಟಿಕೊಂಡರೆ ಒತ್ತಡ ಏರುತ್ತದೆ. ದಿನದಿಂದ ದಿನಕ್ಕೆ ಜೋರಾಗುವ ತಲೆನೋವು, ವಾಂತಿ, ಕಣ್ಣು ಮಂಜು, ಆಮೇಲೆ ಫಿಟ್ಸ್ ಅಥವಾ ಒಂದು ಬದಿ ಸೋಲುವುದು. ನಿಮ್ಹಾನ್ಸ್‌ನ ವೈದ್ಯರು ಬಾಣಂತಿಯರ ಈ ಕಾಯಿಲೆಯ ಬಗ್ಗೆ ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದ ಡಾ. ಡಿ. ನಾಗರಾಜ ಮತ್ತು ಸಹೋದ್ಯೋಗಿಗಳು ಕಡಿಮೆ ಪ್ರಮಾಣದ ಹೆಪಾರಿನ್‌ನಿಂದ ಇಂಥ ಬಾಣಂತಿಯರಿಗೆ ಗುಣ ಸಿಗುತ್ತದೆ ಎಂದು 1999ರಲ್ಲಿ ತೋರಿಸಿಕೊಟ್ಟರು. ಬೇಗ ಕಂಡುಹಿಡಿದರೆ ಗುಣವಾಗುವ ರೋಗ ಇದು.

ಬೇಗ ಕಂಡುಹಿಡಿಯಲು ಅಡ್ಡಬರುವುದು ನಮ್ಮ ಬಾಣಂತನದ ಕೋಣೆ. ನೀರು ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ಲೋಟ ಎಣಿಸಿ ಕೊಡುವ ಮನೆಗಳು ಇನ್ನೂ ಇವೆ. ಕಾಳುಮೆಣಸಿನ ಕಷಾಯ, ಒಲೆಯ ಬಿಸಿ, ಮೈತುಂಬ ಬಟ್ಟೆ, ಮೇಲೆ ಕರಾವಳಿಯ ಸೆಕೆ. ಮೈಯಲ್ಲಿ ನೀರು ಕಡಿಮೆಯಾದಷ್ಟೂ ರಕ್ತ ಗಟ್ಟಿ. ಪಥ್ಯದಲ್ಲಿ ಒಳ್ಳೆಯದು ಬಹಳವಿದೆ: ವಿಶ್ರಾಂತಿ, ಎಣ್ಣೆನೀರು, ಹಿರಿಯರ ಆರೈಕೆ ಯಾವುದನ್ನೂ ಬಿಡಬೇಕಾಗಿಲ್ಲ. ನೀರಿನ ಮಿತಿಯನ್ನು ಮಾತ್ರ ಇಂದೇ ಬಿಡಬೇಕು. ‘ಮಗಾ, ಬಾಣಂತಿಗೆ ತಲೆನೋವು ಇದ್ದದ್ದೇ, ತಲೆಗೆ ಗಾಳಿ ಹೊಕ್ಕಿದೆ’ ಎಂದು ಹತ್ತಿಯಿಟ್ಟು ಬಟ್ಟೆ ಬಿಗಿಯುವ ಅಜ್ಜಿಯಂದಿರಿಗೆ ಪ್ರೀತಿಯಿಂದಲೇ ಹೇಳಬೇಕಾದ ಮಾತು, ಎರಡನೆಯ ದಿನವೂ ನೋವು ಇಳಿಯದಿದ್ದರೆ, ಕಣ್ಣು ಮಂಜು ಎಂದರೆ ವಾಹನ ತರಿಸಿ. ಗರ್ಭಿಣಿಗೆ ಐದು ತಿಂಗಳ ಮೇಲೆ, ಇಲ್ಲವೇ ಹೆರಿಗೆಯಾದ ಮೊದಲ ವಾರಗಳಲ್ಲಿ ತಲೆನೋವಿನೊಂದಿಗೆ ಕಣ್ಣೆದುರು ಬೆಳಕಿನ ಕಿಡಿ ಹಾರಿದರೆ, ಮುಖ-ಕೈ ಊದಿದರೆ ಅದು ಬಿ.ಪಿ. ಏರಿದ ಸೂಚನೆ, 160/110 ಮುಟ್ಟಿದರೆ ಫಿಟ್ಸ್ ಬರಲು ಹೆಚ್ಚು ಹೊತ್ತು ಬೇಡ. ಆಶಾ ಕಾರ್ಯಕರ್ತೆಗೆ ಫೋನ್ ಮಾಡುವುದು ಆಮೇಲೆ, 108 ಆಂಬುಲೆನ್ಸಿಗೆ ಮೊದಲು. ಪೂಜೆ, ಮದುವೆ ಇದೆಯೆಂದು ಮುಟ್ಟು ಮುಂದೂಡುವ ಮಾತ್ರೆಯನ್ನು ತಾವೇ ತರಿಸಿಕೊಂಡು ನುಂಗುವವರಿಗೂ ಒಂದು ಮಾತು. ಹಾರ್ಮೋನ್ ಮಾತ್ರೆಗಳು ಕೂಡ ಹೆಪ್ಪು ಕಟ್ಟಿಸಬಲ್ಲವು. ಅವನ್ನು ನುಂಗಿದ ದಿನಗಳಲ್ಲಿ ಹೊಸದಾಗಿ ತಲೆನೋವು ಶುರುವಾದರೆ ವೈದ್ಯರಿಗೆ ಮಾತ್ರೆಯ ವಿಷಯ ಮುಚ್ಚಿಡಬೇಡಿ.

ಉಳಿದ ಕಾರಣಗಳಲ್ಲಿ ಕೆಲವನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಐವತ್ತು ದಾಟಿದವರಿಗೆ ಹೊಸದಾಗಿ ಹಣೆಪಕ್ಕದ ರಕ್ತನಾಳ ನೋಯತೊಡಗಿ, ತಲೆ ಬಾಚಿದರೆ ಚರ್ಮ ಉರಿದು, ಕವಳ ಜಗಿಯುವಾಗ ದವಡೆ ಸೋತು, ನಡುವೆ ಕೆಲವು ಕ್ಷಣ ಒಂದು ಕಣ್ಣು ಕತ್ತಲಾದರೆ ಅದು ರಕ್ತನಾಳದ ಉರಿಯೂತವಿರಬಹುದು. ನಮ್ಮಲ್ಲಿ ವಿರಳ, ಆದರೆ ಅದೇ ದಿನ ಸ್ಟೀರಾಯ್ಡ್ ಶುರುಮಾಡದಿದ್ದರೆ ಎರಡೂ ಕಣ್ಣು ಹೋಗಬಹುದು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಬೆಳೆದರೆ ದೃಷ್ಟಿನರಗಳು ಕೂಡುವ ಜಾಗವನ್ನು ಒತ್ತಿ ಎರಡೂ ಪಕ್ಕದ ನೋಟ ಕಡಿಮೆಯಾಗುತ್ತದೆ. ನೇರ ನೋಟ ಚೆನ್ನಾಗಿಯೇ ಇರುವುದರಿಂದ ರೋಗಿಗೆ ತಿಳಿಯುವುದೇ ಇಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತದೆ, ಬೈಕಿನಲ್ಲಿ ಹೋಗುವಾಗ ಪಕ್ಕದಿಂದ ಬಂದ ವಾಹನ ಕಾಣದೆ ಬೆಚ್ಚುತ್ತಾನೆ. ಹೆಂಗಸರಲ್ಲಿ ಮುಟ್ಟು ನಿಂತಿರಲೂಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ಹುಬ್ಬಿನ ನೋವಿನ ಜೊತೆ ವಸ್ತುಗಳು ಎರಡಾಗಿ ಕಾಣುವುದುಂಟು, ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ. ಆದರೆ ರೆಪ್ಪೆ ಇಳಿಬಿದ್ದು ಆ ಕಣ್ಣಿನ ಪಾಪೆ ದೊಡ್ಡದಾಗಿದ್ದರೆ ಕಾಯುವಂತಿಲ್ಲ. ಮಿದುಳಿನ ರಕ್ತನಾಳ ಉಬ್ಬಿ ಒಡೆಯುವ ಹಂತದಲ್ಲಿರಬಹುದು. ಕಣ್ಣು ಹೊರಳಿಸಿದರೆ ನೋವು, ಎರಡು-ಮೂರು ದಿನದಲ್ಲಿ ಒಂದು ಕಣ್ಣಿಗೆ ಬಣ್ಣಗಳು ಮಾಸಿ ಕಂಡು ನೋಟ ಮಬ್ಬಾಗುವುದು ದೃಷ್ಟಿನರದ ಉರಿಯೂತ.

ಇಷ್ಟೆಲ್ಲ ಕಾರಣಗಳಿರುವಾಗ ಎಲ್ಲರಿಗೂ ಎಂಆರ್‌ಐ ಮಾಡಿಸಿದರಾಯಿತಲ್ಲ ಎಂದು ನಗರದವರು ಕೇಳಬಹುದು. ಅಂಕೋಲೆಯವರಿಗೆ ಆ ಮಾತಿನ ತೂಕ ಬೇರೆ. ಕಾರವಾರದ ಜಿಲ್ಲಾ ಆಸ್ಪತ್ರೆ 2016ರಿಂದೀಚೆಗೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾಗಿದೆ. ಕುಮಟೆಯಲ್ಲಿ ಲಯನ್ಸ್‌ನವರ ಕಣ್ಣಿನ ಆಸ್ಪತ್ರೆಯಿದೆ. ಮಿದುಳು-ನರದ ದೊಡ್ಡ ಚಿಕಿತ್ಸೆ ಎಂದ ಕೂಡಲೇ ದಾರಿ ಕವಲೊಡೆಯುತ್ತದೆ. ಕಾರವಾರದವರು ಗಡಿ ದಾಟಿ ನೂರು ಕಿಲೋಮೀಟರ್ ಆಸುಪಾಸಿನ ಗೋವಾದ ಬಾಂಬೋಲಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗುತ್ತಾರೆ. 2018ರಿಂದ ಅಲ್ಲಿ ಹೊರರಾಜ್ಯದವರಿಗೆ ಶುಲ್ಕವಿದೆ. ಅಂಕೋಲೆಯವರು ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ದಾಟಿ ಹುಬ್ಬಳ್ಳಿಗೆ, ಇಲ್ಲವೇ ದಕ್ಷಿಣಕ್ಕೆ ಮಣಿಪಾಲ, ಮಂಗಳೂರಿಗೆ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದತ್ತ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಮಗುಚಿ ನಾಲ್ವರು ಸತ್ತಾಗ ಇಡೀ ಉತ್ತರ ಕನ್ನಡ ಜಿಲ್ಲೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ದನಿಯೆತ್ತಿತು. ಆಸ್ಪತ್ರೆ ಇಲ್ಲದಿದ್ದರೆ ಮತವಿಲ್ಲ ಎನ್ನುವವರೆಗೂ ಹೋಯಿತು. 2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಇನ್ನೊಂದು ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯೇ ಮುಚ್ಚಿತು. ಮೂರು ವಾರ ಕಳೆದು ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಮಳೆಗಾಲದಲ್ಲಿ ಯಾವ ರೋಗಿಯನ್ನು ಈ ರಸ್ತೆಗೆ ಹಾಕಬೇಕು, ಯಾರನ್ನು ಮನೆಗೆ ಕಳಿಸಬಹುದು ಎಂದು ತೀರ್ಮಾನಿಸುವುದು ಇಲ್ಲಿಯ ವೈದ್ಯರಿಗೆ ಬಹಳ ದೊಡ್ಡ ಹೊಣೆ.

ಆ ತೀರ್ಮಾನಕ್ಕೆ ಬೇಕಾದ ಸಲಕರಣೆ ಕೋಟಿ ರೂಪಾಯಿಯದ್ದಲ್ಲ. ಬಿ.ಪಿ. ಯಂತ್ರ, ಕಣ್ಣಿನ ಒತ್ತಡ ಅಳೆಯುವ ಸಾಧನ, ಗೋಡೆಯ ಮೇಲೊಂದು ಅಕ್ಷರಪಟ, ಒಂದು ಆಫ್ತಾಲ್ಮೋಸ್ಕೋಪ್, ಅದನ್ನು ಹಿಡಿದು ಪಳಗಿದ ಕೈ. ಕಣ್ಣಿನ ಹಿಂಬದಿಯ ಫೋಟೊ ತೆಗೆದು ದೂರದ ತಜ್ಞರಿಗೆ ಕಳಿಸುವ ಕ್ಯಾಮೆರಾಗಳೂ ಈಗ ಬಂದಿವೆ. ನಿಮ್ಹಾನ್ಸ್ ಮತ್ತು ಆರೋಗ್ಯ ಇಲಾಖೆ 2022ರಲ್ಲಿ ಶುರುಮಾಡಿದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮ ತಲೆನೋವನ್ನೂ ಪಾರ್ಶ್ವವಾಯು, ಅಪಸ್ಮಾರ, ಮರೆಗುಳಿತನದ ಸಾಲಿನಲ್ಲಿ ಇರಿಸಿ, ಸಾದಾ ವೈದ್ಯರಿಗೆ ತರಬೇತಿ ಕೊಡುತ್ತಿದೆ. ಮೊದಲು ಬೆಂಗಳೂರು ದಕ್ಷಿಣ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿದ್ದುದು ಆಮೇಲೆ ಉಳಿದ ಜಿಲ್ಲೆಗಳಿಗೂ ಹಬ್ಬಿದೆ. ತಲೆನೋವನ್ನು ಸರ್ಕಾರ ಒಂದು ರೋಗವೆಂದು ಎಣಿಸಿದ್ದೇ ದೊಡ್ಡ ಮಾತು. ಇದು ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದ ಮೇಜಿನವರೆಗೂ ಇಳಿಯಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಕೂಗುವವರು ಜೊತೆಗೆ ಇದನ್ನೂ ಕೇಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ರೋಗಿಯ ಕಡೆಯಿಂದ ಆಗಬೇಕಾದದ್ದೂ ಇದೆ. ಮುಂದಿನ ಸಲ ಕಣ್ಣು ಮಂಜಾದಾಗ ಮೊದಲು ಬಲಗಣ್ಣು ಮುಚ್ಚಿ ನೋಡಿ, ಆಮೇಲೆ ಎಡಗಣ್ಣು. ತೊಂದರೆ ಒಂದೇ ಕಣ್ಣಿನದಾದರೆ ಒಂದನ್ನು ಮುಚ್ಚಿದಾಗ ಮಾಯವಾಗುತ್ತದೆ. ಆಗ ಕಾರಣ ಕಣ್ಣಿನಲ್ಲಿ ಅಥವಾ ಅದರ ನರದಲ್ಲಿದೆ. ಯಾವುದನ್ನು ಮುಚ್ಚಿದರೂ ಅದೇ ಪಕ್ಕ ಮಸುಕಾಗಿದ್ದರೆ ಕಾರಣ ಮಿದುಳಿನ ಕಡೆಗಿದೆ. ಎರಡಾಗಿ ಕಾಣುವುದು ಯಾವುದಾದರೂ ಒಂದು ಕಣ್ಣು ಮುಚ್ಚಿದ ಕೂಡಲೇ ಒಂದಾದರೆ ಕಣ್ಣು ಹೊರಳಿಸುವ ನರ ಅಥವಾ ಸ್ನಾಯು ಸೋತಿರಬಹುದು. ಗಡಿಯಾರ ನೋಡಿ ಎಷ್ಟು ನಿಮಿಷ ಇತ್ತೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ನುಂಗಿದ ಮಾತ್ರೆ, ಮುಟ್ಟಿನ ದಿನ, ಉಪವಾಸ, ನಿದ್ದೆಗೆಟ್ಟ ರಾತ್ರಿ ಅದೇ ಚೌಕದಲ್ಲಿರಲಿ. ಎರಡು ತಿಂಗಳ ಕ್ಯಾಲೆಂಡರ್ ಹಾಳೆ ಕೈಯಲ್ಲಿದ್ದರೆ ವೈದ್ಯರ ಅರ್ಧ ಕೆಲಸ ಹಗುರ. ಸಿಡಿಲು ಬಡಿದಂತೆ ನಿಮಿಷದೊಳಗೆ ತುತ್ತತುದಿ ಮುಟ್ಟುವ ನೋವು, ಮಾತು ತೊದಲುವುದು, ಕೈಕಾಲು ಸೋಲುವುದು, ಜ್ವರದೊಂದಿಗೆ ಕುತ್ತಿಗೆ ಬಿಗಿಯುವುದು, ದೃಷ್ಟಿ ಹೋಗಿ ಒಂದು ಗಂಟೆಯಾದರೂ ಬಾರದಿರುವುದು, ಕೆಂಗಣ್ಣಿನ ಜೊತೆ ವಾಂತಿ ಇವಕ್ಕೆ ಕ್ಯಾಲೆಂಡರ್ ಬೇಡ, ಆಂಬುಲೆನ್ಸ್ ಬೇಕು.

ಉಳಿದವರು ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಆಸ್ಪತ್ರೆಗೆ ಹೋಗಿ, ನಂಬರು ನೋಡಿಸಿಕೊಂಡಷ್ಟಕ್ಕೇ ಹಿಂದಿರುಗದೆ, ‘ಡಾಕ್ಟ್ರೆ, ಕಣ್ಣಿನ ಹಿಂದಿನ ನರವನ್ನೂ ಒಮ್ಮೆ ನೋಡಿ’ ಎಂದು ಕೇಳಿ. ಮೊದಲು ಟಾರ್ಚು ಬಿಟ್ಟು ಕೋನ ಇಕ್ಕಟ್ಟಾಗಿದೆಯೇ ಎಂದು ನೋಡುತ್ತಾರೆ, ಒತ್ತಡ ಅಳೆಯುತ್ತಾರೆ, ಆಮೇಲೆ ಪಾಪೆ ಹಿಗ್ಗಲು ಹನಿ ಹಾಕುತ್ತಾರೆ. ಹನಿ ಹಾಕಿದ ಮೇಲೆ ನಾಲ್ಕೈದು ಗಂಟೆ ಹತ್ತಿರದ ಅಕ್ಷರ ಕಲಸುತ್ತದೆ, ಬಿಸಿಲು ಚುಚ್ಚುತ್ತದೆ. ತಂಪು ಕನ್ನಡಕ ಇಟ್ಟುಕೊಳ್ಳಿ, ಜೊತೆಗೊಬ್ಬರನ್ನು ಕರೆದೊಯ್ಯಿರಿ. ಬೈಕನ್ನು ಮನೆಯಲ್ಲೇ ಬಿಟ್ಟು ಬಸ್ಸಿಗೆ ಹೋಗಿ.